ಗದಗಿನ ಹೊಸ ಶಾಲೆಗೆ ಪ್ರಿನ್ಸಿಪಾಲ್ ಆಗಿ ಹೋಗಲೇ?

ಪ್ರಶ್ನೆ: ನನಗೆ 39 ವರ್ಷ. ಎಂ.ಎಸ್ಸಿ. ಗಣಿತ, ಬಿ.ಇಡಿ. ಆಗಿದೆ. ಹುಬ್ಬಳ್ಳಿಯ ಅನುದಾನರಹಿತ ಶಾಲೆಯೊಂದರಲ್ಲಿ 14 ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೇನೆ. ಗದಗಿನಲ್ಲಿ ಹೊಸದಾಗಿ ಶುರುವಾದ ಸಿ.ಬಿ.ಎಸ್.ಇ. ಶಾಲೆಯವರು ಪ್ರಿನ್ಸಿಪಾಲ್ ಆಗಿ ಬನ್ನಿ ಎಂದು ಕರೆದಿದ್ದಾರೆ. ಸಂಬಳ ಜಾಸ್ತಿ. ಪತಿ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರರು, ಮಗಳು ಏಳನೇ ಕ್ಲಾಸ್. ಆಡಳಿತದ ಅನುಭವ ನನಗಿಲ್ಲ. ಎಂ.ಇಡಿ. ಮುಗಿಸಿಕೊಂಡು ಹೋಗಬೇಕಾ? ಈ ದಾರಿಯಲ್ಲಿ ಮುಂದೆ ಎಲ್ಲಿಗೆ ಹೋಗಬಹುದು? ಕಲಿಸುವುದು ಬಿಟ್ಟುಹೋಗುತ್ತದಲ್ಲ ಎಂಬ ಸಂಕಟವೂ ಇದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಕಲಿಸುವುದನ್ನು ಬಿಡಬೇಡಿ. ಪ್ರಿನ್ಸಿಪಾಲ್ ಆದ ಮೇಲೂ ದಿನಕ್ಕೆ ಒಂದು ಪಿರಿಯಡ್ ನಿಮ್ಮ ಹೆಸರಿನಲ್ಲಿರಲಿ. ನಿಮ್ಮ ಸಂಕಟ ಕಳೆಯಲಿ ಅಂತ ಅಷ್ಟೇ ಅಲ್ಲ. ಆ ಒಂದು ಪಿರಿಯಡ್ ಇಲ್ಲದಿದ್ದರೆ ನಿಮ್ಮ ಶಾಲೆಯೊಳಗೆ ಏನು ನಡೆದಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಇದನ್ನು ನಾನು ತಪ್ಪು ಮಾಡಿ ಕಲಿತೆ.

ನಾನು 1986ರಲ್ಲಿ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಸೇರಿದೆ. ಬ್ಯಾಡಗಿ ಇರುವ ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅದು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಲ್ಲಿಯ ತನಕ ಸಣ್ಣ ಕಾಗದಕ್ಕೂ ಧಾರವಾಡದ ಬಸ್ ಹತ್ತಬೇಕಿತ್ತು. 20 ವರ್ಷ ಕಲಿಸಿದ ಮೇಲೆ, 2006ರಲ್ಲಿ, ಮುಖ್ಯ ಶಿಕ್ಷಕಿಯಾಗಿ ಬಡ್ತಿ ಬಂತು. ಮೊದಲ ಆರು ತಿಂಗಳು ನಾನು ಆಫೀಸು ಬಿಟ್ಟು ಏಳಲೇ ಇಲ್ಲ. ಕ್ಯಾಶ್ ಪುಸ್ತಕ, ಸಭೆ, ಮತ್ತೆ ಸಭೆಯ ವರದಿ. ಶನಿವಾರ ಬಂದರೆ ಎಲ್ಲ ಶಿಕ್ಷಕರ ಪಾಠ ಟಿಪ್ಪಣಿಗೆ ಸಹಿ. ಟಿಪ್ಪಣಿಗಳು ಮುತ್ತು ಪೋಣಿಸಿದ ಹಾಗಿರುತ್ತಿದ್ದವು. ಶಾಲೆ ಚೆನ್ನಾಗಿ ನಡೆದಿದೆ ಅಂತಲೇ ತಿಳಿದಿದ್ದೆ.

ಒಂದು ದಿನ ಗಣಿತದ ಮಾಸ್ತರು ರಜೆ ಹಾಕಿದರು. ಎಂಟನೇ ಕ್ಲಾಸಿಗೆ ನಾನೇ ಹೋದೆ. ಮಕ್ಕಳಿಗೆ ಕೈ ಬಿಸಿಯಾಗಲಿ ಎಂದು ಬೋರ್ಡಿನ ಮೇಲೆ 52ರಲ್ಲಿ 27 ಕಳೆಯಿರಿ ಎಂದು ಬರೆದೆ. ಇನ್ನೂ ಸೀಮೆಸುಣ್ಣ ಕೆಳಗಿಟ್ಟಿರಲಿಲ್ಲ, 'ಆತ್ರಿ ಅಕ್ಕೋರ' ಎಂದು ಹಿಂದಿನ ಬೆಂಚಿನವ ಪಾಟಿ ಎತ್ತಿ ತೋರಿಸಿದ. 35 ಅಂತ ಬರೆದಿದ್ದ. ಪಕ್ಕದವನದೂ 35. ಸಾಲು ಸಾಲು ನೋಡುತ್ತ ಹೋದೆ. 41 ಮಕ್ಕಳಲ್ಲಿ 17 ಮಂದಿ 35 ಬರೆದಿದ್ದರು. ನೀವು ಗಣಿತದವರು, ಅವರು ಏನು ಮಾಡಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಗಿರುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ ಅಂತ ಏಳರಲ್ಲೇ ಎರಡು ಕಳೆದಿದ್ದಾರೆ. ಐದರಲ್ಲಿ ಎರಡು ಹೋಗಿ ಮೂರು. ದೊಡ್ಡದರಲ್ಲಿ ಸಣ್ಣದು ಕಳೆಯಬೇಕು ಅಂತ ಮೂರನೇ ಕ್ಲಾಸಿನಲ್ಲಿ ಯಾರೋ ಹೇಳಿದ್ದು ಹಾಗೇ ಉಳಿದುಬಿಟ್ಟಿದೆ. ಆ ಮಕ್ಕಳ ಮುಂದೆಯೇ ಮಾಸ್ತರು ಐದು ತಿಂಗಳಿಂದ ಬೀಜಗಣಿತ ಮಾಡುತ್ತಿದ್ದರು. ಅದರ ಟಿಪ್ಪಣಿಗೆ ನಾನು ವಾರವಾರ ಸಹಿ ಹಾಕುತ್ತಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾಸ್ತರ ಮೇಲೆ ನನಗೆ ಸಿಟ್ಟಿರಲಿಲ್ಲ. ಪಠ್ಯ ಮುಗಿಸಿ ಎಂದು ಅವರ ಬೆನ್ನು ಹತ್ತಿದವಳು ನಾನೇ. ಅವರು ರಜೆ ಮುಗಿಸಿ ಬಂದ ಮೇಲೆ ಇಬ್ಬರೂ ಕೂತು ಮಾತಾಡಿದೆವು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚಿನ 40 ನಿಮಿಷ ಆ 17 ಮಕ್ಕಳನ್ನು ನಾನು ತಗೊಂಡೆ. ಹತ್ತು ಹತ್ತು ಕಡ್ಡಿಯ ಕಟ್ಟು, ಬಿಡಿಗೆ ಹುಣಸೆ ಬೀಜ. ಐದು ಕಟ್ಟು, ಎರಡು ಬೀಜ ಇಟ್ಟು ಇದರಲ್ಲಿ 27 ಕೊಡು ಎಂದರೆ ಹುಡುಗ ಮೊದಲು ಬೀಜ ನೋಡುತ್ತಾನೆ, ಸಾಲದು. ಆಮೇಲೆ ತಾನೇ ಒಂದು ಕಟ್ಟು ಬಿಚ್ಚುತ್ತಾನೆ. ಬಿಚ್ಚಿದ ಆ ಗಳಿಗೆಯಲ್ಲಿ ಮುಖ ನೋಡಬೇಕು. ಆರು ವಾರ ಹಿಡಿಯಿತು. ಇಬ್ಬರಿಗೆ ಆಗಲೂ ಬರಲಿಲ್ಲ, ಅವರನ್ನು ಮುಂದಿನ ವರ್ಷವೂ ಕೂರಿಸಿಕೊಂಡೆ. ಅಂದಿನಿಂದ 2021ರಲ್ಲಿ ನಿವೃತ್ತಿ ಆಗುವ ತನಕ ದಿನಕ್ಕೆ ಒಂದು ಪಿರಿಯಡ್ ಕಲಿಸುವುದನ್ನು ಬಿಡಲಿಲ್ಲ.

ಹಾಗಾಗಿ ಆಡಳಿತದ ಅನುಭವ ಇಲ್ಲ ಎಂಬುದು ನನಗೆ ದೊಡ್ಡ ಕೊರತೆಯಾಗಿ ಕಾಣುವುದಿಲ್ಲ. ಬೇರೆಯವರ ಪಾಠ ಚೆನ್ನಾಗಿ ಆಗುವಂತೆ ನೋಡಿಕೊಳ್ಳುವುದೇ ಪ್ರಿನ್ಸಿಪಾಲರ ಕೆಲಸ. ಪತ್ರ, ಫೈಲು, ದುಡ್ಡು ಎಲ್ಲ ಅದಕ್ಕೋಸ್ಕರ. 14 ವರ್ಷ ಪಾಠ ಮಾಡಿದವರಿಗೆ ಪಾಠ ಹೇಗಿರಬೇಕು ಅಂತ ಗೊತ್ತಿರುತ್ತದೆ, ಅಲ್ವಾ? ಗೊತ್ತಿಲ್ಲದ್ದು ಎರಡು ಮೂರು ಕಸುಬು. ಅವನ್ನು ಕಲಿಯಬಹುದು.

ಮೊದಲನೆಯದು ಹಾಜರಿ ಪುಸ್ತಕ ಓದುವುದು. ಶಿಕ್ಷಕರು ಅದನ್ನು ಅಡ್ಡ ಓದುತ್ತಾರೆ, ಯಾವ ಮಗು ಎಷ್ಟು ದಿನ ಬಂತು ಅಂತ. ನೀವು ಅದನ್ನು ಮೇಲಿನಿಂದ ಕೆಳಗೆ ಓದಿ. ಯಾವ ದಿನ ಯಾರು ಯಾರು ಇಲ್ಲ ಅಂತ. ನನ್ನ ಶಾಲೆಯಲ್ಲಿ ಜನವರಿ ಬಂದರೆ ಸೋಮವಾರ ಮತ್ತು ಗುರುವಾರದ ಸಾಲಿನಲ್ಲಿ ಆರು ಹುಡುಗಿಯರ ಹೆಸರಿನ ಮುಂದೆ ಒಟ್ಟಿಗೇ ಗೈರು ಬೀಳುತ್ತಿತ್ತು. ಹುಷಾರಿಲ್ಲ ಅಂತ ಚೀಟಿ. ಎರಡು ವರ್ಷ ಆ ಚೀಟಿ ನಂಬಿದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಿನಗಳು ಅವು ಎಂಬುದು ಆಮೇಲೆ ಹೊಳೆಯಿತು. ಮನೆಗೆ ಹೋದರೆ ಒಬ್ಬಳ ತಾಯಿ ಮುಚ್ಚುಮರೆ ಇಲ್ಲದೆ ಹೇಳಿದರು: 'ಸೋಮಾರ, ಗುರುವಾರ ಮಾಲ್ ಭಾಳ ಬರ್ತೈತ್ರಿ ಅಕ್ಕೋರ. ತುಂಬು (ಕಾಯಿಯ ತೊಟ್ಟು) ಬಿಡಸಾಕ ಮಂದಿ ಸಾಲಂಗಿಲ್ಲ. ಇಕಿ ಕೈ ಹಚ್ಚಿದ್ರ ನಮಗ ಒಂದ್ ಚೀಲ ಹೆಚ್ಚಿಗಿ ಆಕ್ಕತಿ.'

ಅವರಿಗೆ ಶಿಕ್ಷಣದ ಮಹತ್ವ ಅಂತ ಭಾಷಣ ಮಾಡಿ ಏನು ಪ್ರಯೋಜನ? ಶಾಲಾಭಿವೃದ್ಧಿ ಸಮಿತಿಯ (ಎಸ್.ಡಿ.ಎಂ.ಸಿ.) ಸದಸ್ಯರನ್ನು ಕರೆದುಕೊಂಡು ಆರೂ ಮನೆಗೆ ಮತ್ತೆ ಮತ್ತೆ ಹೋದೆ. ಜೊತೆಗೆ ವೇಳಾಪಟ್ಟಿ ಬದಲಿಸಿದೆ. ಹತ್ತನೇ ಕ್ಲಾಸಿನ ಹೊಸ ಪಾಠ, ಟೆಸ್ಟು ಯಾವುದೂ ಆ ಎರಡು ದಿನ ಇಡಲಿಲ್ಲ. ಮಂಗಳವಾರ, ಶುಕ್ರವಾರ ಸಂಜೆ ಒಂದು ತಾಸು ಹೆಚ್ಚಿಗೆ. ನಾಲ್ವರು ಪೂರ್ತಿ ಬರತೊಡಗಿದರು. ಇಬ್ಬರು ಆಗಾಗ ತಪ್ಪಿಸುತ್ತಿದ್ದರು, ಆದರೆ ಪರೀಕ್ಷೆಗೆ ಎಲ್ಲರೂ ಕೂತರು. ವೇಳಾಪಟ್ಟಿ ಸುಮ್ನೆ ಗೋಡೆಗೆ ಅಂಟಿಸುವ ಕಾಗದ ಅಂತ ತಿಳಿಯಬೇಡಿ. ಮುಖ್ಯಸ್ಥರ ಕೈಯಲ್ಲಿ ಅದಕ್ಕಿಂತ ದೊಡ್ಡ ಸಾಧನ ಬೇರೆ ಇಲ್ಲ. ಹೊಸ ಶಾಲೆಯಲ್ಲಿ ಅದನ್ನು ನೀವೇ ಕೂತು ಬರೆಯಿರಿ, ಗುಮಾಸ್ತರಿಗೆ ಬಿಡಬೇಡಿ.

ಎರಡನೆಯದು ಬೇರೆಯವರ ಕ್ಲಾಸಿನಲ್ಲಿ ಕೂರುವುದು. ಕೊನೆಯ ಬೆಂಚಿನಲ್ಲಿ ಕೂತು ಮಕ್ಕಳ ನೋಟ್‌ಬುಕ್ ನೋಡಿ, ಶಿಕ್ಷಕರನ್ನೇ ನೋಡುತ್ತ ಕೂರಬೇಡಿ. ಹೊರಗೆ ಬಂದ ಮೇಲೆ ಒಂದೇ ಒಂದು ಮಾತು ಹೇಳಿ. ಹತ್ತು ತಪ್ಪು ಕಂಡರೂ ಒಂದನ್ನೇ ಹೇಳಿ. ಮುಂದಿನ ವಾರ ಅದನ್ನೇ ನೋಡಲು ಹೋಗಿ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಯಾರನ್ನೂ ತಿದ್ದಬೇಡಿ. ನೀವು ಶಿಕ್ಷಕಿಯಾಗಿದ್ದಾಗ ಹಾಗೆ ಯಾರಾದರೂ ತಿದ್ದಿದ್ದರೆ ಅದು ಇವತ್ತಿಗೂ ನಿಮಗೆ ನೆನಪಿರುತ್ತದೆ.

ಎಂ.ಇಡಿ. ವಿಚಾರ. ಅದಕ್ಕೋಸ್ಕರ ಕಾಯಬೇಡಿ. ಸ್ನಾತಕೋತ್ತರ ಪದವಿ, ಬಿ.ಇಡಿ. ಎರಡೂ ನಿಮಗಿವೆ. ಬಿ.ಇಡಿ. ಕಾಲೇಜಿಗೆ ಅಥವಾ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್‌ಗೆ ಹೋಗುವ ಆಸೆ ಇದ್ದರೆ ಎಂ.ಇಡಿ. ಬೇಕು. ಶಾಲೆ ನಡೆಸಲು ಅದಕ್ಕಿಂತ ಉಪಯೋಗವಾಗುವುದು ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಶಾಲಾ ನಾಯಕತ್ವ ಮತ್ತು ನಿರ್ವಹಣೆಯ ಡಿಪ್ಲೊಮಾ ತರಹದ ಓದು. ಶಿಕ್ಷಣ ಆಡಳಿತದ ಬಗ್ಗೆ ಓದಿಸುವ ದೆಹಲಿಯ ನೀಪಾ ಸಂಸ್ಥೆಯಲ್ಲಿ ಶಾಲಾ ನಾಯಕತ್ವಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಇದೆ, ಅವರ ಆನ್‌ಲೈನ್ ಕೋರ್ಸು ಮನೆಯಲ್ಲೇ ಕೂತು ಮಾಡಬಹುದು. ನಮ್ಮ ರಾಜ್ಯಕ್ಕೆ ಇದೇ ಕೆಲಸ ಮಾಡುವ ಸಿಸ್ಲೆಪ್ ಇರುವುದು ನಿಮ್ಮ ಪಕ್ಕದ ಧಾರವಾಡದಲ್ಲೇ. ಹಳಬರು ಅದನ್ನು ಇನ್ನೂ ಸೀಮ್ಯಾಟ್ ಅಂತಲೇ ಕರೆಯುತ್ತಾರೆ. ಅಲ್ಲಿ ತರಬೇತಿ ಪಡೆಯುವವರು ಹೆಚ್ಚಾಗಿ ಸರ್ಕಾರಿ ಶಾಲೆಯವರು, ಆದರೆ ಅವರ ಸಾಹಿತ್ಯ ಓದಿದರೆ ನಿಮಗೂ ದಾರಿ ತಿಳಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ಹಾಗೆ ಮುಖ್ಯಸ್ಥರೂ ವರ್ಷಕ್ಕೆ 50 ತಾಸು ತರಬೇತಿ ಪಡೆಯಬೇಕು ಎನ್ನುತ್ತದೆ. ಆ 50 ತಾಸನ್ನು ಸರ್ಟಿಫಿಕೇಟಿಗಾಗಿ ಕಳೆಯಬೇಡಿ. ನಿಮಗೆ ಬಾರದ ವಿಷಯ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಮೊದಲು ಲೆಕ್ಕಪತ್ರ ಕಲಿಯಿರಿ.

ಈಗ ಆ ಶಾಲೆಯ ಮಾತು. ನಿಮಗೆ ಜಾಸ್ತಿ ಹುಷಾರಿ ಬೇಕಿರುವುದು ಇಲ್ಲಿ.

ಬೋರ್ಡಿನ ಮೇಲೆ ಸಿ.ಬಿ.ಎಸ್.ಇ. ಎಂದು ಬರೆದ ಮಾತ್ರಕ್ಕೆ ಮಾನ್ಯತೆ ಬಂದಿದೆ ಅಂತಲ್ಲ. ರಾಜ್ಯದ ಶಿಕ್ಷಣ ಇಲಾಖೆಯ ಅನುಮತಿ ಬೇರೆ, ನಿರಾಕ್ಷೇಪಣಾ ಪತ್ರ ಬೇರೆ, ದೆಹಲಿಯ ಸಿ.ಬಿ.ಎಸ್.ಇ. ಮಂಡಳಿಯ ಸಂಯೋಜನೆ (ಅಫಿಲಿಯೇಶನ್) ಬೇರೆ. ಸಂಯೋಜನೆ ಸಿಕ್ಕಿದ್ದರೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಕೇಳಿ, ಮಂಡಳಿಯ ಸರಸ್ ಪೋರ್ಟಲ್‌ನಲ್ಲಿ ನೀವೇ ನೋಡಿ. ಅರ್ಜಿ ಹಾಕಿದ್ದೇವೆ, ಬರುತ್ತದೆ ಎಂದರೆ ಪಾಲಕರಿಗೆ ಏನು ಹೇಳಿ ಮಕ್ಕಳನ್ನು ಸೇರಿಸಿಕೊಂಡಿದ್ದೀರಿ ಎಂದು ಕೇಳಿ. ನಾಳೆ ಪಾಲಕರು ಬಂದು ಕೂಗಾಡುವುದು ಅಧ್ಯಕ್ಷರ ಮನೆ ಮುಂದೆ ಅಲ್ಲ, ನಿಮ್ಮ ಕೋಣೆಯ ಮುಂದೆ. ಕಾಗದದ ಮೇಲೆ ಇರುವುದೂ ನಿಮ್ಮ ಸಹಿ.

ಎರಡನೇ ಪ್ರಶ್ನೆ, ಶಿಕ್ಷಕರಿಗೆ 12 ತಿಂಗಳ ಸಂಬಳ ಕೊಡುತ್ತೀರಾ? ಇದನ್ನು ಕೇಳಲು ನಾನು ಮರೆತಿದ್ದೆ. ನಿವೃತ್ತಿಯಾದ ಮೇಲೆ ಎರಡು ವರ್ಷ ಒಂದು ಖಾಸಗಿ ಶಾಲೆಗೆ ಪ್ರಿನ್ಸಿಪಾಲ್ ಆಗಿದ್ದೆ. ಊರು, ಹೆಸರು ಬೇಡ. ಮೊದಲ ವರ್ಷದ ಏಪ್ರಿಲ್ ಕೊನೆಗೆ ಕನ್ನಡ ಕಲಿಸುವ ಹುಡುಗಿಯೊಬ್ಬಳು ಬಾಗಿಲ ಹತ್ತಿರ ನಿಂತು, 'ಮೇಡಂ, ಜೂನಿನಲ್ಲಿ ಮತ್ತೆ ಕರೆಯುತ್ತೀರಲ್ಲ?' ಎಂದಳು. ಯಾಕಮ್ಮ ಹೀಗೆ ಕೇಳುತ್ತೀ ಎಂದರೆ, ಬೇಸಿಗೆಯ ಎರಡು ತಿಂಗಳು ಸಂಬಳ ಇಲ್ಲ, ಪ್ರತಿ ಜೂನ್ ಹೊಸ ಆದೇಶ. ನನಗೆ ಮಾತ್ರ ಪೂರ್ತಿ ಸಂಬಳ ಬರುತ್ತಿತ್ತು. ಆಡಳಿತ ಮಂಡಳಿಯ ಜೊತೆ ಒಂದು ವರ್ಷ ಗುದ್ದಾಡಿದೆ. ಆಗಲಿಲ್ಲ. ಬಿಟ್ಟು ಬಂದೆ. ನಾಳೆ ಇರುತ್ತೇನೋ ಇಲ್ಲವೋ ಎಂಬ ಶಿಕ್ಷಕಿಯ ಮುಂದೆ ಕೂತು ನಿಮ್ಮ ಪಾಠ ಹೀಗೆ ಸುಧಾರಿಸಬೇಕು ಎಂದು ಹೇಗೆ ಹೇಳುವುದು? ಹೊಸ ಶಾಲೆಗಳು ಮೊದಲ ವರ್ಷ ಬಣ್ಣ, ಬಸ್ಸು, ಸ್ಮಾರ್ಟ್ ಬೋರ್ಡಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಇಲ್ಲಿಗೂ ಬರಲಿ ಎಂದು ಸೇರುವ ಮುನ್ನವೇ ಹೇಳಿ. ಶಿಕ್ಷಕರನ್ನು ಆರಿಸುವಾಗ ನಿಮ್ಮ ಮಾತು ನಡೆಯುತ್ತದೆಯೇ ಎಂಬುದನ್ನೂ ಅದೇ ದಿನ ಇತ್ಯರ್ಥ ಮಾಡಿಕೊಳ್ಳಿ.

ಮೂರನೆಯದು ಪ್ರವೇಶ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಮಗುವಿಗಾಗಲಿ ಪಾಲಕರಿಗಾಗಲಿ ಪರೀಕ್ಷೆ, ಸಂದರ್ಶನ ಇಡುವಂತಿಲ್ಲ. ಇಟ್ಟರೆ ಮೊದಲ ಸಲ 25,000, ಆಮೇಲೆ ಪ್ರತಿ ಸಲ 50,000 ರೂಪಾಯಿ ತನಕ ದಂಡ. ಆದರೂ ಒಂದನೇ ಕ್ಲಾಸಿನ ಮಗುವನ್ನು ಎಬಿಸಿಡಿ ಕೇಳಿ ಆರಿಸಿ ಎಂದು ಒತ್ತಡ ಬರಬಹುದು. ಅದಕ್ಕೆ ಇಲ್ಲ ಎನ್ನಲು ಮೊದಲ ದಿನವೇ ಸಿದ್ಧರಾಗಿರಿ. ಇನ್ನೊಂದು ಮಾತು. ಗದಗಿನಲ್ಲಿ ಶಾಲೆ ನಡೆಸುತ್ತ ಕನ್ನಡವನ್ನು ಕಾಟಾಚಾರಕ್ಕೆ ಕಲಿಸಬೇಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ ಎಂಬುದಕ್ಕಷ್ಟೇ ಅಲ್ಲ. ಕುಮಾರವ್ಯಾಸ ಕೂತು ಬರೆದ ಊರು ಅದು.

ಕಾನೂನಿನ ಇನ್ನೊಂದು ಭಾಗ ಕಹಿ, ಆದರೆ ಹೇಳಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ತನ್ನ ಕೈಕೆಳಗಿನ ಸಿಬ್ಬಂದಿ ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ತಿಳಿಸದೆ ಹೋದರೆ ಒಂದು ವರ್ಷದ ತನಕ ಜೈಲು. ಶಾಲೆಯ ಮರ್ಯಾದೆ ಪ್ರಶ್ನೆ, ಒಳಗೇ ಮುಗಿಸೋಣ ಎಂದು ಎಷ್ಟೇ ದೊಡ್ಡವರು ಬಂದು ಹೇಳಲಿ, ಕೇಳಬೇಡಿ. 1098 ಸಹಾಯವಾಣಿ ಸಂಖ್ಯೆ ಮಕ್ಕಳಿಗೆ ಕಾಣುವ ಎತ್ತರದಲ್ಲಿ ಬರೆಸಿ. ಬಸ್ಸಿನೊಳಗೂ ಬರೆಸಿ.

ನಿಮ್ಮ ದುಡ್ಡಿನ ವಿಚಾರ. ಈಗಿನ ಶಾಲೆ ಬಿಡುವಾಗ ಗ್ರಾಚ್ಯುಟಿ, ಅಂದರೆ ಸೇವೆ ಬಿಡುವಾಗ ಬರುವ ಇಡಿಗಂಟು, ಕೇಳಿ ಪಡೆಯಿರಿ. ಐದು ವರ್ಷ ಸೇವೆ ಮುಗಿಸಿದ ಖಾಸಗಿ ಶಾಲೆಯ ಶಿಕ್ಷಕರಿಗೂ ಅದರ ಹಕ್ಕಿದೆ. 2009ರಲ್ಲಿ ಕಾಯ್ದೆ ತಿದ್ದಿ ಇದನ್ನು ಸ್ಪಷ್ಟ ಮಾಡಿದರು, 2022ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 26,000 ಇದ್ದರೆ 14 ವರ್ಷಕ್ಕೆ 2,10,000 ರೂಪಾಯಿ. ನಮ್ಮ ಕಡೆಯ ಎಷ್ಟೋ ಶಿಕ್ಷಕಿಯರು ಇದನ್ನು ಕೇಳದೆಯೇ ಹಾರ, ಶಾಲು, ಹಣ್ಣು ತಗೊಂಡು ಮನೆಗೆ ಬರುತ್ತಾರೆ. ನೀವು ಹಾಗೆ ಮಾಡಬೇಡಿ.

ಇನ್ನು ಓಡಾಟ. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿ.ಮೀ. ಪತಿ ರೈಲ್ವೆಯವರು, ರೈಲಿಗೆ ಹೋಗಿ ಬಂದರಾಯಿತು ಅಂತ ನೀವು ಯೋಚಿಸಿರಬಹುದು. ಮೊದಲ ವರ್ಷ ಹಾಗೆ ಮಾಡಬೇಡಿ ಅನ್ನುತ್ತೇನೆ. ಮೊದಲ ಬಸ್ಸಿನಿಂದ ಮಕ್ಕಳು ಇಳಿಯುವಾಗ ಪ್ರಿನ್ಸಿಪಾಲ್ ಗೇಟಿನ ಹತ್ತಿರ ನಿಂತಿರಬೇಕು. ಯಾರ ಮುಖ ಬಾಡಿದೆ, ಯಾರ ಕಾಲಲ್ಲಿ ಚಪ್ಪಲಿ ಇಲ್ಲ, ಯಾವ ತಾಯಿ ಏನೋ ಹೇಳಬೇಕು ಅಂತ ಹಿಂದೆ ಮುಂದೆ ನೋಡುತ್ತಿದ್ದಾಳೆ ಎಂಬುದೆಲ್ಲ ಆ ಕಾಲು ತಾಸಿನಲ್ಲೇ ತಿಳಿಯುವುದು. ಸಂಜೆ ರೈಲಿನ ಟೈಮ್ ನೋಡಿಕೊಂಡು ಏಳುವವರ ಕೋಣೆಗೆ ಯಾವ ಶಿಕ್ಷಕರೂ ಮನಸ್ಸು ಬಿಚ್ಚಲು ಬರುವುದಿಲ್ಲ. ಮಗಳು ಏಳರಲ್ಲಿದ್ದಾಳೆ, ಎಂಟಕ್ಕೆ ಶಾಲೆ ಬದಲಿಸುವುದು ಒಂಬತ್ತು, ಹತ್ತಕ್ಕಿಂತ ಸುಲಭ. ಗದಗಿನಲ್ಲಿ ಮನೆ ಮಾಡಿ ಪತಿ ಓಡಾಡುವುದು ಆಗುತ್ತದೆಯೇ ನೋಡಿ. ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಅಂತ ನನಗೂ ಗೊತ್ತು. ಮನೆಯಲ್ಲಿ ಮೂವರೂ ಕೂತು ಮಾತಾಡಿ. ಮಗಳನ್ನು ಬಿಟ್ಟು ತೀರ್ಮಾನ ಮಾಡಬೇಡಿ.

ಮುಂದೆ ಎಲ್ಲಿಗೆ ಎಂದು ಕೇಳಿದ್ದೀರಿ. ಸರ್ಕಾರಿ ಹೈಸ್ಕೂಲಿನ ಮುಖ್ಯ ಶಿಕ್ಷಕರ ಹುದ್ದೆ ಗ್ರೂಪ್ ಬಿ. ಹೆಚ್ಚಾಗಿ ಜ್ಯೇಷ್ಠತೆಯ ಮೇಲೆ ಒಳಗಿನವರಿಗೇ ಬರುತ್ತದೆ. ಅಲ್ಲಿಂದ ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿ.ಇ.ಒ.), ಡಯಟ್, ಜಿಲ್ಲೆಯ ಉಪನಿರ್ದೇಶಕರು (ಡಿ.ಡಿ.ಪಿ.ಐ.) ಎಂದು ದಾರಿ ಹೋಗುತ್ತದೆ. ಹೊರಗಿರುವ ನಿಮಗೆ ಆ ಬಾಗಿಲು ಕಷ್ಟ. ಕೇಂದ್ರೀಯ ವಿದ್ಯಾಲಯ, ನವೋದಯದ ಪ್ರಿನ್ಸಿಪಾಲ್ ಹುದ್ದೆಗೆ ನೇರ ನೇಮಕಾತಿ ಇದೆ, ವಯಸ್ಸಿನ ಮಿತಿ 50. ಹುಬ್ಬಳ್ಳಿ ರಾಜನಗರದ ಕೇಂದ್ರೀಯ ವಿದ್ಯಾಲಯ, ಕ್ಯಾರಕೊಪ್ಪದ ನವೋದಯ ನೀವು ನೋಡಿರಬಹುದು. ಆದರೆ ಅಧಿಸೂಚನೆ ಬಂದಾಗ ಅನುಭವದ ಕಾಲಂ ಸಾಲು ಸಾಲಾಗಿ ಓದಿ. ಯಾವ ಹುದ್ದೆಯಲ್ಲಿ, ಯಾವ ವೇತನ ಶ್ರೇಣಿಯಲ್ಲಿ ಎಷ್ಟು ವರ್ಷ ಎಂದು ಕೇಳುತ್ತಾರೆ. ಖಾಸಗಿ ಶಾಲೆಯ ವರ್ಷಗಳೆಲ್ಲ ಲೆಕ್ಕಕ್ಕೆ ಬರುತ್ತವೆ ಎಂದುಕೊಳ್ಳಬೇಡಿ. ಆಯ್ಕೆಯಾದರೆ ದೇಶದಲ್ಲಿ ಎಲ್ಲಿಗೆ ಬೇಕಾದರೂ ವರ್ಗ. ಇನ್ನುಳಿದದ್ದು ಖಾಸಗಿಯಲ್ಲೇ ಬೆಳೆಯುವುದು. ಒಂದು ಶಾಲೆಯನ್ನು ಆರೇಳು ವರ್ಷ ನಿಂತು ಕಟ್ಟಿದವರನ್ನು ಹುಡುಕಿಕೊಂಡು ಬರುತ್ತಾರೆ. ಎರಡು ವರ್ಷಕ್ಕೊಂದು ಶಾಲೆ ಬದಲಿಸಿದವರ ಅರ್ಜಿ ನೋಡಿದರೆ ನಾನಂತೂ ಪಕ್ಕಕ್ಕಿಡುತ್ತಿದ್ದೆ.

ಈ ದಾರಿಯಲ್ಲಿ ಹೋದವರು ನಮ್ಮ ನೆಲದಲ್ಲಿ ಕಡಿಮೆಯೇನಲ್ಲ. 1834ರಲ್ಲಿ ಹುಟ್ಟಿದ ಡೆಪ್ಯೂಟಿ ಚನ್ನಬಸಪ್ಪನವರು ಧಾರವಾಡದಲ್ಲಿ ಶಿಕ್ಷಕರನ್ನು ತಯಾರು ಮಾಡುವ ಶಾಲೆಯ ಮುಖ್ಯಸ್ಥರಾಗಿದ್ದವರು. ಆಮೇಲೆ ಡೆಪ್ಯೂಟಿ ಇನ್‌ಸ್ಪೆಕ್ಟರ್ ಆದರು. ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದ ಕಾಲದಲ್ಲಿ ಈ ಭಾಗದ ಹಳ್ಳಿಗಳಿಗೆ ಕನ್ನಡ ಶಾಲೆ ಬರಲು ಅವರು ದುಡಿದರು. 1881ರಲ್ಲಿ, ಇನ್ನೂ 50 ತುಂಬುವ ಮೊದಲೇ ತೀರಿಕೊಂಡರು. ಡಿ.ಸಿ. ಪಾವಟೆಯವರು ನಿಮ್ಮ ಹಾಗೇ ಗಣಿತದವರು, ಆ ವಿಷಯದಲ್ಲಿ ಮೊದಲ ದರ್ಜೆ ಪಡೆದು ಕೇಂಬ್ರಿಜ್‌ನಲ್ಲಿ ರ್‍ಯಾಂಗ್ಲರ್ ಆದವರು. ಮುಂಬೈ ಪ್ರಾಂತ್ಯದ ಶಿಕ್ಷಣ ನಿರ್ದೇಶಕರಾಗಿದ್ದು, 1954ರಿಂದ 1967ರ ತನಕ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿದರು. 13 ವರ್ಷ ಒಂದೇ ಕಡೆ ನಿಂತರು ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಸಂಯೋಜನೆಯ ಸಂಖ್ಯೆ ಸರಿ ಇದ್ದು, ಶಿಕ್ಷಕರಿಗೆ 12 ತಿಂಗಳ ಸಂಬಳ ಎಂದು ಬರೆದು ಕೊಟ್ಟರೆ ಹೋಗಿ. ಎರಡರಲ್ಲಿ ಒಂದು ತಪ್ಪಿದರೂ ಬೇಡ. ಹಾಗಾದಾಗ ಈಗಿನ ಶಾಲೆಯಲ್ಲೇ ಉಪ ಪ್ರಿನ್ಸಿಪಾಲ್ ಕೆಲಸ ಅಥವಾ ಪರೀಕ್ಷೆ, ವೇಳಾಪಟ್ಟಿಯ ಹೊಣೆ ಕೇಳಿ ಪಡೆಯಿರಿ.

ಮುಂದಿನ ವಾರ ಒಂದು ದಿನ ರಜೆ ಹಾಕಿ ಗದಗಿಗೆ ಹೋಗಿ. ಅವರು ಹೇಳಿದ ಹೊತ್ತಿಗಿಂತ ಒಂದು ತಾಸು ಮೊದಲೇ ಹೋಗಿ ಗೇಟಿನ ಹೊರಗೆ ನಿಲ್ಲಿ. ಬಸ್ಸಿನಿಂದ ಮಕ್ಕಳನ್ನು ಹೇಗೆ ಇಳಿಸುತ್ತಾರೆ ನೋಡಿ. ಒಳಗೆ ಹೋದ ಮೇಲೆ ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದಾ, ಒಳಗಿನ ಚಿಲಕ ಹಾಕಲು ಬರುತ್ತದಾ ನೋಡಿ. ಅಧ್ಯಕ್ಷರ ಕೋಣೆಗೆ ಹೋಗುವ ಮೊದಲು ಮೂರನೇ ಕ್ಲಾಸಿನಲ್ಲಿ ಹತ್ತು ನಿಮಿಷ ಕೂರಲು ಕೇಳಿ. ಬೋರ್ಡಿನ ಮೇಲೆ 52ರಲ್ಲಿ 27 ಬರೆಯಿರಿ. ಮಕ್ಕಳು ಏನು ಬರೆದರು ಅಂತ ನನಗೂ ಒಂದು ಸಾಲು ಬರೆದು ತಿಳಿಸಿ.